ಬಿರುಕಿನ ಮೇಲಿನ ಗಾಜು

"ಹಾಡು ನಿಲ್ಸಿ. ಎಲ್ರೂ ಈ ಕಡೆ ಬನ್ನಿ."

ಮೂರನೆಯ ಚರಣದ ನಡುವೆ ಬಾಯಿ ಹಾಕಿದವನನ್ನು ಅವಳು ಸರ್ರನೆ ತಿರುಗಿ ನೋಡಿದಳು. ಅವನ ತಲೆಗೆ ಹೆಲ್ಮೆಟ್, ಹೆಗಲ ಮೇಲೆ ಏಣಿ. ಈ ಚರ್ಚಿನ ಕ್ವಾಯರ್ ನಡೆಸುವವಳು ಅವಳು. ಪಾದ್ರಿಗಳೇ ಅವಳ ಹಾಡನ್ನು ತಡೆಯುವುದಿಲ್ಲ, ಇನ್ನು ಇವನ್ಯಾವ ದೊಣ್ಣೆನಾಯಕ?

ಅವಳು ದಡದಡನೆ ಅವನ ಮುಂದೆ ಹೋಗಿ ನಿಂತಳು.

"ಚರಣ ಮುಗಿಯೋ ತನಕ ಕಾಯೋಕಾಗಲ್ವಾ ನಿಮಗೆ?"

"ನಾನೇನೋ ಕಾಯ್ತೀನಿ. ಮೇಲಿನ ಗಾರೆ ಕಾಯ್ಬೇಕಲ್ಲ."

ಜಗಳಕ್ಕೆಂದು ಅವಳು ಮುಂದೆ ಬಂದದ್ದೇ ಒಳ್ಳೆಯದಾಯಿತು. ಅವಳು ಅದುವರೆಗೆ ನಿಂತಿದ್ದ ಜಾಗಕ್ಕೆ ಅಂಗೈ ಅಗಲದ ಗಾರೆ ಧೊಪ್ಪನೆ ಬಿತ್ತು.

ಬೈಗುಳ ಬಾಯಲ್ಲೇ ಉಳಿಯಿತು. ಎದೆ ಮಾತ್ರ ಡವಡವ ಎನ್ನುತ್ತಿತ್ತು. ಗಾರೆ ಬಿದ್ದಿದ್ದಕ್ಕೇನಾ... ಎಂದು ತನ್ನನ್ನೇ ಕೇಳಿಕೊಂಡಳು.

ಅವನು ಚರ್ಚಿನ ಸಭೆಯವರು ಕರೆಸಿದ್ದ ಇಂಜಿನಿಯರ್. ಕಿಟಕಿಯ ಪಕ್ಕದ ಗೋಡೆಯಲ್ಲಿ ಸೂರಿನವರೆಗೆ ಬಿರುಕು ಬಿಟ್ಟಿತ್ತು. ರಿಪೇರಿ ಮಾಡಿಸೋಣ ಎಂದು ಅರ್ಧ ಜನ, ಜಾಗ ಮಾರಿ ಎಲ್ಲಾದರೂ ಬಾಡಿಗೆ ಹಾಲ್ ನೋಡೋಣ ಎಂದು ಇನ್ನರ್ಧ ಜನ. ಅವಳ ನಿದ್ದೆ ಕೆಡಿಸಿದ್ದು ಅದೇ. ಅವಳು ಮಾತಿಗಿಂತ ಮೊದಲು ಹಾಡು ಕಲಿತದ್ದು ಈ ಗೋಡೆಗಳ ಒಳಗೆ.

ಅವನು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿದ.

"ಗೋಡೆ ಅಲ್ಲಾಡ್ತಾ ಇದ್ರೆ ಈ ಗಾಜು ಒಡೆಯುತ್ತೆ. ಒಡೀದಿದ್ರೆ ರಿಪೇರಿ ಸಾಕು, ನಿಮ್ಮ ಚರ್ಚು ಉಳಿಯುತ್ತೆ," ಎಂದು ಅವಳಿಗೊಬ್ಬಳಿಗೇ ಹೇಳಿದ.

ಆಮೇಲೆ ಪ್ರತಿ ವಾರ ಹಾಡಿನ ಅಭ್ಯಾಸದ ದಿನವೇ ಬಂದ. ಏಣಿ ಹತ್ತಿ ಗಾಜು ನೋಡುತ್ತಿದ್ದ, ಇಳಿದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ.

ಅವಳನ್ನು ಸಾಕಿದ ದೊಡ್ಡಮ್ಮ ಚರ್ಚು ಗುಡಿಸುವ ಹೆಂಗಸರ ಮುಂದಾಳು. ಆಕೆಯ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ.

"ಗಾಜು ನೋಡೋಕೆ ಒಂದು ನಿಮಿಷ, ಹಾಡು ಕೇಳೋಕೆ ಒಂದು ಗಂಟೆ. ಚೆನ್ನಾಗಿದೆ ಕಣೇ ಇವನ ಕೆಲಸ."

"ಸುಮ್ನಿರಿ ದೊಡ್ಡಮ್ಮ," ಎನ್ನುವಾಗ ಅವಳ ಕೆನ್ನೆ ಕೆಂಪಾಗಿತ್ತು.

ನಿರ್ಧಾರದ ಭಾನುವಾರ ಬಂತು. ಆರಾಧನೆ ಮುಗಿದ ಮೇಲೆ ಅವನು ಏಣಿ ಹತ್ತಿ ನೋಡಿದ. ಇಳಿದು ಬಂದವನು ಅವಳ ಕಡೆ ಕಣ್ಣೆತ್ತಲಿಲ್ಲ.

"ಗಾಜು ಒಡೆದಿದೆ. ಈ ಗೋಡೆನ ನಂಬಿ ಅಂತ ನಾನು ಹೇಳಲಾರೆ."

ಅವಳು ಬೆಂಚಿನಿಂದ ದಡಕ್ಕನೆ ಎದ್ದಳು.

"ಹೋದ ವಾರ ಸರಿಯಾಗಿದೆ ಅಂದ್ರಲ್ಲ? ಮಾರಬೇಕು ಅನ್ನೋರು ಏನಾದ್ರೂ ಹೇಳಿಕೊಟ್ರಾ?"

ಅವನ ಮುಖ ಸಪ್ಪಗಾಯಿತು. "ಗೋಡೆ ನಿಮ್ಮ ಮೇಲೆ ಬೀಳೋದಕ್ಕಿಂತ, ನಿಮಗೆ ನನ್ನ ಮೇಲೆ ಸಿಟ್ಟಿರೋದೇ ವಾಸಿ."

ಎಂಥ ಮಾತು ಆಡಿಬಿಟ್ಟೆ... ಎಂದುಕೊಳ್ಳುವಷ್ಟರಲ್ಲಿ ಪಾದ್ರಿಗಳು ಎದ್ದು, ಮಾರುವುದಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ಒಂದೊಂದೇ ಕೈ ಏಳತೊಡಗಿತು.

"ಎಲ್ರೂ ಕೈ ಇಳಿಸ್ರಪ್ಪ," ದೊಡ್ಡಮ್ಮ ಎದ್ದು ನಿಂತರು. "ಗಾಜು ಒಡೆದಿದ್ದು ಗೋಡೆ ಅಲ್ಲ, ನಾನು."

ಎತ್ತಿದ್ದ ಕೈಗಳೆಲ್ಲ ಕೆಳಗಿಳಿದವು.

"ನಿನ್ನೆ ಜೇಡರ ಬಲೆ ತೆಗೀತಿದ್ದೆ. ಕೋಲಿನ ಪೊರಕೆ ತಗುಲಿ ಎರಡು ತುಂಡಾಯ್ತು. ಕೀರ್ತನೆ ಪುಸ್ತಕ ಹರಿದಾಗ ಹಚ್ತೀವಲ್ಲ, ಅದೇ ಗೋಂದು ಹಚ್ಚಿ, ಏಣಿ ಹತ್ತಿ ಕೂರಿಸ್ದೆ. ಬೈಸ್ಕೋಬೇಕಲ್ಲ ಅಂತ ಸುಮ್ಮನಿದ್ದೆ. ಇಡೀ ಚರ್ಚು ಆ ಗಾಜಿನ ಮೇಲೆ ನಿಂತಿದೆ ಅಂತ ನನಗೇನ್ರೀ ಗೊತ್ತು?"

ಅವನು ಮತ್ತೆ ಏಣಿ ಹತ್ತಿ ಗಾಜು ಮುಟ್ಟಿದ. ಬೆರಳಿಗೆ ಗೋಂದು ಅಂಟಿತು. ಮೇಲಿನಿಂದಲೇ ಜೋರಾಗಿ ನಕ್ಕುಬಿಟ್ಟ. ಮೊದಲು ಪಾದ್ರಿಗಳು, ಆಮೇಲೆ ಇಡೀ ಸಭೆ ನಕ್ಕಿತು.

ಹೊಸ ಗಾಜು ಅಂಟಿಸಿ, ಮಳೆಗಾಲ ಕಳೆದ ಮೇಲೆ ತೀರ್ಮಾನ ಮಾಡುವುದೆಂದಾಯಿತು. ದೊಡ್ಡಮ್ಮನ ಕೋಲಿನ ಪೊರಕೆ ಅಲ್ಲಿಯವರೆಗೆ ಪಾದ್ರಿಗಳ ಮನೆ ಸೇರಿತು.

ಜನ ಚದುರಿದ ಮೇಲೆ ಅವಳು ಬಂದು, ಹೊಸ ಗಾಜು ಅಂಟಿಸಲು ಅವನು ಹತ್ತಿದ್ದ ಏಣಿ ಹಿಡಿದುಕೊಂಡಳು.

"ತಪ್ಪಾಯ್ತು... ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

"ಏಣಿ ಗಟ್ಟಿಯಾಗಿ ಹಿಡ್ಕೊಳ್ಳಿ. ಕ್ಷಮಿಸಿದ ಹಾಗೇ."

ಆ ಮಳೆಗಾಲವೆಲ್ಲ ಏಣಿ ಹಿಡಿಯುವ ಕೆಲಸ ಅವಳದ್ದೇ ಆಯಿತು.

ಮಳೆ ನಿಂತಿತು. ಗಾಜಿನಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ. ಸಭೆ ಒಕ್ಕೊರಲಿನಿಂದ ರಿಪೇರಿಗೆ ಕೈ ಎತ್ತಿತು, ಗಂಟೆ ಬಾರಿಸಲು ಎಲ್ಲರೂ ಹೊರಗೆ ಓಡಿದರು. ಒಳಗೆ ಉಳಿದವರು ಇಬ್ಬರೇ.

"ಇನ್ನು ಗಾಜು ನೋಡೋಕೆ ಬರಲ್ಲ, ಅಲ್ವಾ?" ಅವಳ ದನಿ ಸಣ್ಣದಾಗಿತ್ತು.

"ನಿಜ ಹೇಳ್ಲಾ? ವಾರ ವಾರ ಬರೋ ಅಗತ್ಯ ಮೊದಲೂ ಇರ್ಲಿಲ್ಲ. ತಿಂಗಳಿಗೊಂದ್ಸಲ ಸಾಕಿತ್ತು."

"ಮತ್ತೆ?"

"ಅವತ್ತು ನಿಮ್ಮ ಚರಣ ಅರ್ಧಕ್ಕೇ ನಿಲ್ಸಿದ್ದೆ. ಪೂರ್ತಿ ಕೇಳೋಣ ಅಂತ ಬಂದೆ. ಕೇಳಿದಷ್ಟೂ ಸಾಲದು ಅನ್ನಿಸ್ತು... ಬದುಕಿರೋ ತನಕ ಕೇಳ್ತಾ ಇರ್ಬೇಕು ಅನ್ನಿಸ್ತಿದೆ."

ಹೊರಗೆ ಗಂಟೆ ಹೊಡೆಯುತ್ತಲೇ ಇತ್ತು. ಅವಳ ಕಣ್ಣು ತುಂಬಿ ಬಂತು, ತುಟಿ ನಗುತ್ತಿತ್ತು.

"ದೊಡ್ಡಮ್ಮನ್ನ ಕೇಳಿ. ಪೊರಕೆ ವಾಪಸ್ ಸಿಗೋ ಮೊದಲೇ ಕೇಳಿ."

"ನೀವೇನು ಹೇಳ್ತೀರಿ?"

"ಹೇಳಾಯ್ತಲ್ಲ," ಎಂದು ಅವಳು ಅವನ ಕೈ ಹಿಡಿದಳು. "ಇಲ್ದಿದ್ರೆ ದೊಡ್ಡಮ್ಮನ ಹತ್ರ ಯಾಕೆ ಕಳಿಸ್ತಿದ್ದೆ?"