ಹಿರೇ ಮಾರೆಪ್ಪನ ಆಟದ ಪುಸ್ತಕ

ವಿಜಯದಶಮಿಯ ಮಧ್ಯಾಹ್ನ ಮಾರೆಪ್ಪ ಶರಣಬಸಮ್ಮನ ಮನೆಯ ಕಟ್ಟೆಗೆ ಬಂದು ನಿಂತಾಗ ಅವನ ಕೈಚೀಲದ ಒಂದು ಹಿಡಿ ಹರಿದು ಜೋತಾಡುತ್ತಿತ್ತು. ಒಳಗೆ ಮೆಹಬೂಬಬೀ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. ಯಲಬುರ್ಗಾದ ಪ್ಯಾಟಿ ಓಣಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡ ಅವಳಿಗೆ ನವಮಿ, ದಶಮಿ ಎರಡೂ ದಿನ ಊಟ ಇಲ್ಲಿಯೇ. ರಂಜಾನಿಗೆ ಶರಣಬಸಮ್ಮ ಅವಳ ಮನೆಯಲ್ಲಿ ಸುರಕುಂಬಾ ಕುಡಿದು ಬರುವುದೂ ಅಷ್ಟೇ ಹಳೆಯ ರೂಢಿ.

"ಟೀಚರ್, ನನ್ನ ಕಳ್ಳ ಅಂದ್ರು ರೀ," ಎಂದ ಮಾರೆಪ್ಪ. "ಬಸ್ ಸ್ಟ್ಯಾಂಡಿನ ಹೋಟೆಲಿನ್ಯಾಗ, ಮಂದಿ ಮುಂದ, ಚೀಲ ಕಸಗೊಂಡು ನೆಲಕ್ಕ ಸುರುವಿದ್ರು."

"ಯಾರಪಾ?"

"ದನದ ದವಾಖಾನಿ ಕುಬೇರಪ್ಪನವರು. ನಿನ್ನೆ ನಾ ಅವರ ಮನೀಗೆ ಹೋಗಿದ್ದೆ ರೀ. ಆಮ್ಯಾಲ ಅವರ ಬುಕ್ಕು ಕಳುವಾಗೇತಂತ. ಸಂಜಿಯೊಳಗ ತಂದು ಕೊಡಲಿಲ್ಲಂದ್ರ ಠಾಣೇಕ ಹೆಸರು ಬರಸ್ತೀನಿ ಅಂದಾರ. ನಾನು ಗಿಣಿಗೇರಾದ ಫ್ಯಾಕ್ಟರ್‍ಯಾಗ ಗುತ್ತಿಗಿ ಮ್ಯಾಲ ದುಡಿಯಾಂವ ರೀ. ಠಾಣ್ಯಾಗ ಹೆಸರು ಬಿದ್ರ ಗೇಟ್ ಪಾಸ್ ಕಸಗೋತಾರ."

ಶರಣಬಸಮ್ಮ ಅವನಿಗೂ ಒಂದು ತಾಟು ಇಟ್ಟಳು. ಬದುಕಿನ ಬಹುಪಾಲು ಅಂಗನವಾಡಿ ಟೀಚರ್ ಆಗಿದ್ದವಳು ಅವಳು. ಕೂಸಿನ ತೂಕ ನೋಡುವ ನೆವದಲ್ಲಿ ಊರಿನ ಎಲ್ಲ ಅಡುಗೆಮನೆಗಳ ತನಕ ಹೋಗಿ ಬಂದಿದ್ದಳು. ಯಾವ ಮನೆಯಲ್ಲಿ ಉಪ್ಪು ಎಲ್ಲಿರುತ್ತದೆ, ಸಿಟ್ಟು ಎಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತು. ಅದಕ್ಕೇ ಊರಿನಲ್ಲಿ ಏನು ಕಾಣೆಯಾದರೂ ಜನ ಮೊದಲು ಅವಳ ಕಟ್ಟೆಗೆ ಬರುತ್ತಿದ್ದರು. ಮೆಹಬೂಬಬೀ ಎಲ್ಲಕ್ಕೂ ಜೊತೆಗಿರುತ್ತಿದ್ದಳು. ಕಳ್ಳ ಯಾರೆಂದು ಎಲ್ಲರಿಗಿಂತ ಮುಂಚೆ ಹೇಳುವವಳೂ ಅವಳೇ. ಅದು ಇದುವರೆಗೆ ಒಮ್ಮೆಯೂ ಖರೆ ಆಗಿರಲಿಲ್ಲ.

"ನೀ ಯಾಕ ಅವರ ಮನೀಗೆ ಹೋಗಿದ್ದಿ?" ಶರಣಬಸಮ್ಮ ಕೇಳಿದಳು.

"ನವಮಿ ಹಬ್ಬಕ್ಕ ನಮ್ಮ ಅಕ್ಕನ ಮನೀಗೆ ಬಂದಿದ್ದೆ ರೀ. ಅದು ನಮ್ಮ ಮುತ್ಯಾನ ಬುಕ್ಕು. ದೊಡ್ಡಾಟದ್ದು. ನಾವು ಫ್ಯಾಕ್ಟರಿ ಹುಡುಗ್ರು ಕೂಡಿ ಆ ಆಟ ಆಡಬೇಕಂತ ಮಾಡೇವಿ. ನಿನ್ನೆ ಮಧ್ಯಾಹ್ನ ಹೋಗಿ, ಎರಡು ದಿನ ಕೊಡ್ರಿ, ಝೆರಾಕ್ಸ್ ಮಾಡಿಸಿ ಕೊಡ್ತೀನಿ ಅಂದೆ. ಆಟಕ್ಕ ಕೊಟ್ಟ ಬುಕ್ಕು ಹೊಳ್ಳಿ ಬರಂಗಿಲ್ಲ ಅಂದ್ರು. ಬುಕ್ಕು ಇಟ್ಟಿದ್ದ ಪೂಜಿ ಖೋಲ್ಯಾಗ ಕುಂತು ಚಾ ಕುಡದು ಬಂದೆ. ಅಷ್ಟ ರೀ."

"ಪೂಜಿ ಖೋಲ್ಯಾಗ ಒಬ್ಬನ ಕುಂತಿದ್ದೇನು?"

ಮಾರೆಪ್ಪ ತಲೆ ಕೆಳಗೆ ಹಾಕಿದ. "ಅವರು ಚಾ ಹೇಳಾಕ ಒಳಗ ಹೋದಾಗ, ಹೌದ್ರಿ."

ಕುಬೇರಪ್ಪ ಜಾನುವಾರಿಗೆ ಸೂಜಿ ಹಾಕುತ್ತ ಕುಷ್ಟಗಿ, ತಾವರಗೇರಾ ಕಡೆಯ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ತಿರುಗಿದವನು. ಹೋದಲ್ಲೆಲ್ಲ ಜಂತಿಯ ಸಂದಿಯಲ್ಲಿ, ಜೋಳದ ಹಗೇವಿನ ಬದಿಯಲ್ಲಿ ಬಿದ್ದಿದ್ದ ಹಳೆಯ ಪುಸ್ತಕಗಳನ್ನು ಬೇಡಿ ತಂದಿದ್ದ. ಅವನಿಗೆ ಪುಸ್ತಕಕ್ಕಿಂತ ಅದು ಯಾರ ಕೈಯಲ್ಲಿತ್ತು ಎಂಬುದೇ ಹೆಚ್ಚಿನ ಮಾತು. ಈ ವೈದ್ಯದ ಪುಸ್ತಕ ಓದುತ್ತಿದ್ದವನಿಗೆ ಸ್ವಂತ ಕೆಮ್ಮು ಹೋಗಲಿಲ್ಲ. ಈ ಶಕುನದ ಪುಸ್ತಕ ಇಟ್ಟುಕೊಂಡವಳು ಹಲ್ಲಿ ನುಡಿದರೆ ಬಸ್ಸು ಇಳಿದುಬಿಡುತ್ತಿದ್ದಳು. ಹೀಗೆ ಒಂದೊಂದಕ್ಕೂ ಒಂದೊಂದು ಕತೆ. ಕೇಳುವವರು ಸಿಕ್ಕರೆ ಸಂಜೆಯಾದರೂ ಬಿಡುತ್ತಿರಲಿಲ್ಲ.

ಆದರೆ ಆ ದಿನ ಅವನ ಬಾಯಲ್ಲಿ ಕತೆ ಇರಲಿಲ್ಲ. ಇಬ್ಬರೂ ಹೆಂಗಸರು ಪಡಸಾಲೆಗೆ ಬಂದೊಡನೆ ಗುಡುಗಿದ.

"ಟೀಚರಮ್ಮ, ಅವನ ಪರವಾಗಿ ಬಂದಿದ್ರ ಹಂಗ ಹೊಳ್ಳಿ ಹೋಗ್ರಿ!"

"ಕುಬೇರಪ್ಪಣ್ಣ, ಬುಕ್ಕಿನ ಪರವಾಗಿ ಬಂದೀನಿ. ಕುಂದರ್‍ಲೋ ಬ್ಯಾಡೋ?"

ಅವನು ಮೆತ್ತಗಾಗಿ ಪಕ್ಕದ ಪೂಜೆಯ ಖೋಲಿಗೆ ಕರೆದೊಯ್ದ. ಪೂಜೆಯ ಮಣೆಯ ಮೇಲೆ ಕುಡಗೋಲು, ಕೊಡಲಿ, ಅವನ ಹಳೆಯ ಸೂಜಿ ಡಬ್ಬಿ, ಅವುಗಳ ನಡುವೆ ಬಿಚ್ಚಿದ ಒಂದು ಬಟ್ಟೆ, ಅದರ ಮೇಲೆ ಹಳೆಯ ಪಂಚಾಂಗಗಳ ಕಟ್ಟು. "ನಿನ್ನೆ ಮುಂಜಾನಿ ಖಂಡೇಪೂಜಿಗೆ ಬುಕ್ಕಿನ ಗಂಟು ಇಟ್ಟೆ. ವಿಭೂತಿ, ಕುಂಕುಮ ಹಚ್ಚಿದೆ. ಪೂಜಿಗೆ ಇಟ್ಟದ್ದನ್ನ ದಶಮಿ ತನಕ ಅಲಗಸಬಾರದು, ಅದಕ್ಕ ಮುಟ್ಟಲಿಲ್ಲ. ಇವತ್ತು ಮುಂಜಾನಿ ಬಿಚ್ಚಿದ್ರ ಒಳಗ ಈ ಪಂಚಾಂಗ! ನಡುವ ಮನೀಗೆ ಬಂದವರು ಇಬ್ಬರ. ಈ ಮಾರೆಪ್ಪ, ಮತ್ತ ಗಂಗಾವತಿ ಅಕ್ಕಿ ಗಿರಣಿ ಶಾಂತಕುಮಾರ."

ಮೆಹಬೂಬಬೀ ಗೆಳತಿಯ ಪಕ್ಕೆ ತಿವಿದಳು. ಶಾಂತಕುಮಾರ ಹೊಸ ಮನೆಯ ಗಾಜಿನ ಕಪಾಟಿನಲ್ಲಿಡಲು ಹಳೆಯ ಪುಸ್ತಕ ಹುಡುಕುತ್ತಿರುವುದು ಅವಳಿಗೆ ಗೊತ್ತಿತ್ತು. ಕಳ್ಳ ಸಿಕ್ಕ ಎಂದುಕೊಂಡಳು.

"ನಿನ್ನೆ ಇಡೋವಾಗ ಗಂಟು ಬಿಚ್ಚಿ ನೋಡಿದ್ದೇನು?" ಶರಣಬಸಮ್ಮ ಕೇಳಿದಳು.

"ಇಲ್ಲ. ನಮ್ಮ ಮನ್ಯಾಕಿ ಸಣ್ಣವ್ವ ಪೆಟಗಿಯಿಂದ ತೆಗೆದು ಕೈಯಾಗ ಕೊಟ್ಲು, ನಾ ಇಟ್ಟೆ. ಕಣ್ಣಿಗೆ ಪೊರಿ ಬಂದೈತಿ, ಮುಂದಿನ ತಿಂಗಳು ಆಪರೇಷನ್. ದೊಡ್ಡದು ಕಾಣಸ್ತೈತಿ, ಸಣ್ಣದು ಕಾಣಸಂಗಿಲ್ಲ."

"ಬಟ್ಟಿ ಬುಕ್ಕಿಂದನ?"

ಆಗ ಕುಬೇರಪ್ಪನ ದನಿ ಬದಲಾಯಿತು. "ಈ ಹುಡುಗನ ಮುತ್ಯಾ ಹಿರೇ ಮಾರೆಪ್ಪನ ರುಮಾಲಿನ ತುಂಡದು. ಅಕ್ಷರ ಬರದ ಮನಷ್ಯಾ. ಇನ್ನೊಬ್ಬರ ಕಡಿಂದ ಓದಿಸಿ ಇಡೀ ಆಟ ಕಿವೀಲೆ ಕಲತಿದ್ದ. ದೀವಟಿಗಿ ಬೆಳಕಿನ್ಯಾಗ ಕುಣೀತಿದ್ದನಲ್ಲ, ಅದರ ಎಣ್ಣಿ ಈ ಬಟ್ಟಿ ಮ್ಯಾಲ ಸಿಡದೈತಿ. ಅವನ ಹೆಂಡತಿ ತಾನ ಗಂಟು ಕಟ್ಟಿ ಕೊಟ್ಲು. ಮೂಸಿ ನೋಡ್ರಿ, ಇನ್ನೂ ಎಣ್ಣಿ ವಾಸನಿ ಐತಿ. ಅದು ಹೋಗಬಾರದಂತ ನಾ ಒಮ್ಮೆನೂ ನೀರಿಗೆ ಹಾಕಿಸಿಲ್ಲ."

ಶರಣಬಸಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿದಳು, ಮೆಹಬೂಬಬೀಯ ಕೈಗೆ ಕೊಟ್ಟಳು. ಮೆಹಬೂಬಬೀಗೆ ಕುಂಕುಮದ ವಾಸನೆ, ಅದರ ಕೆಳಗೆ ಬಿಸಿಲಿನ ವಾಸನೆ ಬಂತು. ತನ್ನ ಮೂಗಿಗೆ ನೆಗಡಿ ಇರಬೇಕು ಎಂದುಕೊಂಡು ಬಟ್ಟೆಯನ್ನು ಮಣೆಯ ಮೇಲಿಟ್ಟಳು.

ಅಷ್ಟರಲ್ಲಿ ಸೊಸೆ ಅನ್ನಪೂರ್ಣ ಚಾ ತಂದಳು. ಮದುವೆಯಾದ ಮೇಲೆ ಅವಳಿಗೆ ಇದು ಮೊದಲ ನವಮಿ. ಮಾವನ ಮುಖ ನೋಡುತ್ತಲೇ ಬಸಿ ಇಡಲು ಹೋಗಿ ಚಾ ನೆಲಕ್ಕೆ ಚೆಲ್ಲಿದಳು. "ಒಂದು ಪೇಪರ್ ತಂದು ಒತ್ತವಾ," ಎಂದ ಕುಬೇರಪ್ಪ.

"ಪೇಪರ್ ಇಲ್ರಿ, ಮಾವಾರ."

"ತಿಂಗಳಗಟ್ಟಲೆ ಮೂಲ್ಯಾಗ ಒಟ್ಟಿದ್ನೆಲ್ಲ?"

"ರದ್ದಿಯವಗ ಹಾಕೀನಿ!" ಒಳಗಿನಿಂದ ಸಣ್ಣವ್ವ ಕೂಗಿದಳು. ಗಂಡನೊಂದಿಗೆ ಯಾವಾಗಲೂ ನೆಟ್ಟಗೆ ಮಾತಾಡುವ ಸಣ್ಣವ್ವ ಆ ದಿನ ಬಾಗಿಲು ದಾಟಿ ಹೊರಗೆ ಬರಲಿಲ್ಲ.

ಹೊರಗೆ ಬಂದ ಮೇಲೆ ಮೆಹಬೂಬಬೀಯ ಬಾಯಿ ನಿಲ್ಲಲಿಲ್ಲ. "ಅಕ್ಕಾ, ಅಂವ ಗಂಗಾವತಿಯಾಂವನ. ನಾ ಬರದ ಕೊಡ್ತೀನಿ. ಆ ಹುಡುಗಿ ಅಂಜಿದ್ದು ನೋಡಿದ್ರೆಲ್ಲ, ಪಾಪ, ಮಾವನ ಸಿಟ್ಟಿಗೆ. ನಿನ್ನೆನೂ ಪಾಪ ಹೂರಣದ ಬೇಳಿ ಡಬರಿ ಹೊತ್ಕೊಂಡು ನಮ್ಮ ಎದುರುಮನೀಗೆ ಅರಿಯಾಕ ಬಂದಿದ್ಲು."

ಶರಣಬಸಮ್ಮ ದಾರಿಯ ನಡುವೆಯೇ ನಿಂತಳು. "ಅರಿಯಾಕ? ಅವರ ಮನ್ಯಾಗ ಹಾಸುಗಲ್ಲು ಐತೆಲ್ಲ? ಇಡೀ ಓಣ್ಯಾಗ ಅಷ್ಟು ಅಗಲ ಕಲ್ಲು ಇಲ್ಲ."

"ಮಿಕ್ಸರೂ ಐತಿ. ಕುಬೇರಪ್ಪ ಮಿಕ್ಸರಿನ ಹೂರಣ ಉಣ್ಣಂಗಿಲ್ಲ."

"ಬೂಬವ್ವ, ನಿಮ್ಮ ಅಂಗಡ್ಯಾಗಿನ ರದ್ದಿ ಹಾಕಿದಿಯೇನು?"

"ಎಲ್ಲಿ ಹಾಕಲಿ? ರದ್ದಿ ಅಲ್ಲಾಸಾಬ ಮಗಳ ಬಾಣಂತನಕ್ಕ ಹೋಗ್ಯಾನ. ಅಮಾಸಿಯಿಂದ ಓಣಿಗೆ ಬಂದಿಲ್ಲ."

"ಛಲೋ ಆತು. ಆ ಗಿರಣಿಯಾಂವಗ ಫೋನ್ ಹಚ್ಚಿ ಬಾ ಅನ್ನು. ಮಾರೆಪ್ಪನ್ನ ನಾ ಕರಕೊಂಡು ಬರ್ತೀನಿ."

ಹೊತ್ತು ಇಳಿಯುವಷ್ಟರಲ್ಲಿ ಎಲ್ಲರೂ ಕುಬೇರಪ್ಪನ ಪಡಸಾಲೆಯಲ್ಲಿ ಕೂಡಿದರು. ಶಾಂತಕುಮಾರ ಕಾರಿನಲ್ಲಿ ಬಂದು, ಕೈಗಡಿಯಾರ ನೋಡುತ್ತ ಕುರ್ಚಿಯ ಮೇಲೆ ಕುಳಿತ. ಮಾರೆಪ್ಪ ಬಾಗಿಲ ಹತ್ತಿರವೇ ನಿಂತ, ಒಳಗೆ ಕಾಲಿಡಲಿಲ್ಲ. ಅತ್ತೆ ಸೊಸೆ ಅಡುಗೆಮನೆಯ ಹೊಸ್ತಿಲಲ್ಲಿ ಒಬ್ಬರಿಗೊಬ್ಬರು ಆತು ಕುಳಿತರು.

"ನನ್ನ ಮ್ಯಾಲ ಸಂಶಯ ಇದ್ರ ಕಾರು ಹುಡಕ್ರಿ," ಎಂದ ಶಾಂತಕುಮಾರ.

"ಬ್ಯಾಡ್ರಿ," ಎಂದಳು ಶರಣಬಸಮ್ಮ. "ಈ ಬಟ್ಟಿ ಹುಡುಕಿದ್ರ ಸಾಕು. ಕುಬೇರಪ್ಪಣ್ಣ, ಎಣ್ಣಿ ಕಲೆ ಎಲ್ಲೈತಿ ತೋರಸು. ನಿನ್ನ ಕಣ್ಣಿಗೆ ಕಾಣಸಂಗಿಲ್ಲ, ಮೂಗಿಗೆ ಏನಾಗೇತಿ?"

ಕುಬೇರಪ್ಪ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ತಿರುಗಿಸಿ ಇನ್ನೊಂದು ಬದಿಯನ್ನೂ ಮೂಸಿದ. "ವಾಸನಿ ಇಲ್ಲ," ಎಂದ ಮೆಲ್ಲಗೆ.

"ಇರಂಗಿಲ್ಲ. ಒಗದಾರ. ಸೋಡಾ ಹಾಕಿ ಒಗದು, ನೀಲಿ ಹಿಂಡಿ, ಬಿಸಿಲಿಗೆ ಒಣಗಿಸ್ಯಾರ. ನಿನ್ನೆ ನೀ ಹಚ್ಚಿದ ಕುಂಕುಮ, ವಿಭೂತಿ ಆ ಒಗದ ಬಟ್ಟಿ ಮ್ಯಾಲ ಹಂಗ ಅದಾವ. ಅಂದ್ರ ಪೂಜಿಗೆ ಇಡೋಕಿಂತ ಮೊದಲ ಬಟ್ಟಿ ನೀರು ಕಂಡೈತಿ. ಬುಕ್ಕೂ ಆಗಲೇ ಹೊರಗ ಬಂದೈತಿ. ಇವರಿಬ್ಬರು ಬಂದದ್ದು ಪೂಜಿ ಆದ ಮ್ಯಾಲ." ಅವಳು ಎಲ್ಲರ ಮುಖ ನೋಡಿದಳು. "ಮತ್ತ ಹೇಳ್ರಿ, ಕಳುವು ಮಾಡಾಕ ಬಂದಾಂವ ಬುಕ್ಕು ಒಯ್ತಾನ. ಬಟ್ಟಿ ಒಗದು, ನೀಲಿ ಹಾಕಿ, ಮಡಚಿ ಇಟ್ಟು ಹೋಗ್ತಾನೇನು?"

ಶಾಂತಕುಮಾರ ಫಕ್ಕನೆ ನಕ್ಕ. ಮೆಹಬೂಬಬೀ ಅವನತ್ತ ನಿರಾಸೆಯಿಂದ ನೋಡಿದಳು.

"ನವಮಿಗೆ ಮೊದಲು ಈ ಸೀಮ್ಯಾಗ ಎಲ್ಲರ ಮನ್ಯಾಗೂ ಏನು ಮಾಡ್ತಾರ? ಹಾಸಿಗಿ, ಹೊದಿಕಿ, ಕೌದಿ ಎಲ್ಲ ಹೊರಗ ತೆಗದು ಒಗೀತಾರ. ಒಂದು ಚಿಂದಿ ಉಳಿಸಂಗಿಲ್ಲ. ಕುಬೇರಪ್ಪಣ್ಣ, ಪೆಟಗ್ಯಾಗ ಬುಕ್ಕು ಹೆಂಗಿಡ್ತಿದ್ದಿ?"

"ಥಂಡಿ ಹತ್ತಬಾರದಂತ ಕೌದಿ ನಡುವ..." ಎನ್ನುತ್ತಲೇ ಅವನು ಬಾಯಿ ಬಿಟ್ಟುಕೊಂಡು ನಿಂತ.

"ಅದ. ಹೊಸಾ ಸೊಸಿಗೆ ಅದು ಗೊತ್ತಿಲ್ಲ. ಅತ್ತಿ ಎಲ್ಲಾ ಕೌದಿ ನೆನಿ ಹಾಕು ಅಂದ್ಲು, ಇಕಿ ಸುರುಳಿ ಸಮೇತ ಸೋಡಾ ನೀರಿಗೆ ಹಾಕಿದ್ಲು. ಕೌದಿ ಕೈಲೆ ಒಗ್ಯಾಂಗಿಲ್ಲ, ಕಾಲಿಲೆ ತುಳೀಬೇಕು. ತುಳಿಯೋವಾಗ ಕಾಲಿಗೆ ಗಟ್ಟಿ ಹತ್ತಿತು. ಹೌದಿಲ್ಲೋ ಅನ್ನಪೂರ್ಣ?"

"ನಾ ರೀ, ನಾ ತುಳದದ್ದು!" ಎಂದಳು ಸಣ್ಣವ್ವ ಎದ್ದು ನಿಂತು.

"ಇಲ್ರಿ, ಅತ್ತಿ ಸುಳ್ಳು ಹೇಳ್ತಾರ. ನಾನ ರೀ," ಎಂದಳು ಅನ್ನಪೂರ್ಣ. ಕಣ್ಣಲ್ಲಿ ನೀರು ತುಂಬಿತ್ತು.

"ಸಣ್ಣವ್ವ, ನಿನ್ನ ಮಣಕಾಲಿಗೆ ಕಟ್ಟಿ ಹತ್ತಾಕ ಆಗಂಗಿಲ್ಲ, ಕೌದಿ ಏನು ತುಳದಿ! ನೀ ಮಾಡಿದ್ದು ಮುಂದಿನ ಕೆಲಸ. ರದ್ದಿಗೆ ಹಾಕೀನಿ ಅಂದ ಪೇಪರ್ ಹಾಳಿ ಹಾಳಿ ನಡುವ ಇಟ್ಟು, ಮ್ಯಾಲ ಹೂರಣದ ಕಲ್ಲು ಹೇರಿದಿ. ಹಬ್ಬದ ದಿನ ಬ್ಯಾರೇರ ಮನೀಗೆ ಅರಿಯಾಕ ಕಳಿಸಿದಿ. ಗಂಡ ಗಂಟು ಕೇಳಿದ ಕೂಡ್ಲೆ ಪಂಚಾಂಗ ಕಟ್ಟಿ ಕೊಟ್ಟಿ. ಒಣಗಿದ ಮ್ಯಾಲ ಹೊಳ್ಳಿ ಇಡೋ ವಿಚಾರ. ಪೂಜಿಗೆ ಇಟ್ಟದ್ದು ನಡುವ ಅಲಗಸಾಕ ಮನಸು ಬರಲಿಲ್ಲ. ಇವತ್ತು ಅಂವ ನಿನಗಿಂತ ಮೊದಲ ಎದ್ದು ಬಿಚ್ಚಿದ." ಶರಣಬಸಮ್ಮನ ದನಿ ಬಿಗಿಯಾಯಿತು. "ಸೊಸಿನ್ನ ಕಾಯ್ದಿ, ಭಾಳ ಛಲೋ. ಅತ್ತ ಒಬ್ಬ ಮನಷ್ಯಾ ಕಳ್ಳ ಅನಿಸಿಕೊಂಡ. ಆಗರೆ ಬಾಯಿ ಬಿಡಬೇಕಿತ್ತು."

"ನಾಳೆ ಹೇಳ್ಬೇಕಂತ ಮಾಡಿದ್ದೆ ಟೀಚರಮ್ಮ," ಎನ್ನುತ್ತ ಸಣ್ಣವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹಿತ್ತಲ ಖೋಲಿಯಿಂದ ಮೆಹಬೂಬಬೀ, ಅನ್ನಪೂರ್ಣ ಕೂಡಿ ಕಲ್ಲು ಸರಿಸಿ ಪುಸ್ತಕ ತಂದರು. ಹಾಳೆಗಳು ಉಬ್ಬಿದ್ದವು. ಕಲ್ಲಚ್ಚಿನ ದಪ್ಪ ಅಕ್ಷರಗಳಿಗೆ ಏನೂ ಆಗಿರಲಿಲ್ಲ. ಕುಬೇರಪ್ಪ ಮೊದಲ ಹಾಳೆಯನ್ನು ಕಣ್ಣಿನ ತೀರ ಹತ್ತಿರ ಹಿಡಿದ. ಅಲ್ಲಿ ಕಾಡಿಗೆಯ ಮಸಿಯಲ್ಲಿ ಬರೆದಿದ್ದ ಒಡೆಯರ ಹೆಸರುಗಳು ಬೂದು ನೆರಳಿನಂತೆ ಹರಡಿ ಹೋಗಿದ್ದವು.

"ಹಾಳಿ ಸ್ವಚ್ಛ ಆತು ಬಿಡ್ರಿ, ಕಪಾಟಿಗೆ ಇನ್ನೂ ಛಂದ ಕಾಣತೈತಿ," ಎಂದ ಶಾಂತಕುಮಾರ. ಆಮೇಲೆ ಎದ್ದು, ಕಾರಿನ ಕೀಲಿ ತಿರುಗಿಸುತ್ತ ಹೋದ.

ಕುಬೇರಪ್ಪ ಆ ನೆರಳಿನ ಮೇಲೆ ಬೆರಳಾಡಿಸಿದ. "ತಾವರಗೇರಿ ದುರುಗಪ್ಪ, ರಾಣಿ ಪಾತ್ರದಾಂವ," ಎಂದ. "ಅವನ ಅಳಿಯ ಯಂಕೋಬ. ಅವನ ಕಡಿಂದ ಹಿರೇ ಮಾರೆಪ್ಪ." ಮತ್ತೆ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅಜ್ಜನ ಹೆಸರೇ ಹೊತ್ತ ಮೊಮ್ಮಗ ಇನ್ನೂ ಅಲ್ಲಿಯೇ ನಿಂತಿದ್ದ.

"ಒಳಗ ಬಾ ತಮ್ಮಾ. ನನ್ನದು ತಪ್ಪಾತು. ಬುಕ್ಕು ಒಯ್ಯಿ, ಆಟ ಆಡ್ರಿ."

"ಬುಕ್ಕು ಆಮ್ಯಾಲ ಒಯ್ತೀನಿ ರೀ," ಎಂದ ಮಾರೆಪ್ಪ. "ತಪ್ಪಾತಂತ ಇಲ್ಲಿ ಅಂದ್ರ ನನಗೇನು ಬಂತು? ಇಲ್ಲಿದ್ದವರು ಯಾರೂ ನನ್ನ ಕಳ್ಳ ಅಂತ ತಿಳಕೊಂಡಿಲ್ಲ. ಹೋಟೆಲಿನ್ಯಾಗ ಇದ್ದವರು ತಿಳಕೊಂಡಾರ. ಅದರಾಗ ಗಿಣಿಗೇರಾದವರೂ ಇದ್ರು."

ಕುಬೇರಪ್ಪ ಹಿರಿಯ ಮನುಷ್ಯ, ಊರಲ್ಲಿ ನಾಲ್ಕು ಮಂದಿ ಎದ್ದು ನಮಸ್ಕಾರ ಮಾಡುವಂಥವನು. ಈಗ ಅವನು ಸಿಡುಕುತ್ತಾನೆ ಎಂದು ಮೆಹಬೂಬಬೀ ಕಾದಳು. ಅವನು ಚಪ್ಪಲಿ ಹುಡುಕತೊಡಗಿದ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದೀಪ ಹಚ್ಚಿದ್ದರು. ಮಿರ್ಚಿ, ಒಗ್ಗರಣಿ ಮಂಡಕ್ಕಿ ತಿನ್ನುತ್ತ, ಕೊಪ್ಪಳದ ಬಸ್ಸು ಕಾಯುತ್ತ ಜನ ತುಂಬಿದ್ದರು. ಕುಬೇರಪ್ಪ ಒಳಗೆ ಹೋಗಿ ಬೆಂಚಿನ ತುದಿ ಹಿಡಿದು ನಿಂತ. ಹಿಂದೆ ಹೆಂಡತಿ, ಸೊಸೆ, ಶರಣಬಸಮ್ಮ, ಮೆಹಬೂಬಬೀ, ಮಾರೆಪ್ಪ.

"ಎಲ್ಲಾರೂ ಕೇಳ್ರಿ," ಎಂದ ಅವನು. "ಮುಂಜಾನಿ ನಾ ಈ ಮಾರೆಪ್ಪನ್ನ ಕಳ್ಳ ಅಂದೆ. ಅದು ಸುಳ್ಳು. ಬುಕ್ಕು ನನ್ನ ಮನ್ಯಾಗ ಇತ್ತು. ತಪ್ಪು ನಂದು."

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಮಾರೆಪ್ಪ ತೋಳು ಕಟ್ಟಿಕೊಂಡು ಹೋಟೆಲನ್ನೊಮ್ಮೆ ಈ ಗೋಡೆಯಿಂದ ಆ ಗೋಡೆಯ ತನಕ ನೋಡಿದ.

"ಇನ್ನೊಮ್ಮೆ ಅನ್ರಿ," ಎಂದ. "ಮುಂಜಾನಿ ಇದಕ್ಕಿಂತ ಜೋರಾಗಿ ಅಂದಿದ್ರಿ. ಭಟ್ಟಿ ಹತ್ತಿರ ಇದ್ದವರಿಗೆ ಕೇಳಸಿಲ್ಲ."

ಕುಬೇರಪ್ಪ ಗಂಟಲು ಸರಿಮಾಡಿಕೊಂಡು, ಹಳ್ಳಿ ಹಳ್ಳಿಯಲ್ಲಿ ದನ ಹೊರಗೆ ತರಲು ಕೂಗುತ್ತಿದ್ದ ದನಿಯಲ್ಲಿ, ಇನ್ನೊಮ್ಮೆ ಅಂದ.