ನೀರಿನ ಮಾತ್ರೆ, ಅರ್ಧ ಗಡ್ಡ

“ಅಲ್ಲಾಡ್ಬೇಡ ಅಜ್ಜ, ಲೆಕ್ಕ ತಪ್ಪುತ್ತೆ.”

“ಉಸಿರಾಡ್ಬಹುದಾ?”

“ಮೆತ್ತಗೆ ಆಡು.”

ಅಜ್ಜ ತನ್ನ ಕ್ಷೌರದ ಅಂಗಡಿಯ ತಿರುಗುವ ಕುರ್ಚಿಯಲ್ಲಿ ತಾನೇ ಗಿರಾಕಿಯಂತೆ ಕುಳಿತಿದ್ದ. ಮೊಮ್ಮಗಳು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತಿದ್ದಳು. ಪ್ರಶ್ನೆ ಕೇಳಲು ಶುರುಮಾಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರೆಲ್ಲ ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದರು.

ಮನೆಯ ಮೂವರ ನಾಡಿ ಎಣಿಸಿ ಎಂದು ಸೈನ್ಸ್ ಮಿಸ್ ಹೋಮ್‌ವರ್ಕ್ ಕೊಟ್ಟಿದ್ದರು. ಒಮ್ಮೆ ಕೂತಾಗ, ಇನ್ನೊಮ್ಮೆ ಮೆಟ್ಟಿಲು ಹತ್ತಿಳಿದ ಮೇಲೆ. ಅಮ್ಮನದು ಎಪ್ಪತ್ತೆಂಟರಿಂದ ನೂರ ಹತ್ತಕ್ಕೆ ಹಾರಿತ್ತು. ಪಿಟೀಲಿನದು ನೂರ ಮೂವತ್ತು ದಾಟಿತ್ತು. ಅಜ್ಜನದು ಮಾತ್ರ ಕೂತಾಗ ಐವತ್ತಾರು, ಮೆಟ್ಟಿಲು ಹತ್ತಿಳಿದರೂ ಬರೀ ಅರವತ್ತೈದು.

“ಮೆಟ್ಟಿಲು ಹತ್ತಿದ್ದು ನಿನ್ನ ಹಾರ್ಟಿಗೆ ಗೊತ್ತೇ ಆಗಿಲ್ಲ.”

“ಅದೂ ನನ್ನ ಥರಾನೇ. ಯಾವುದಕ್ಕೂ ಗಾಬರಿಯಾಗಲ್ಲ” ಎಂದ ಅಜ್ಜ. ಅಷ್ಟು ಹೇಳುವುದರೊಳಗೆ ಎರಡು ಸಲ ಏದುಸಿರು ಬಿಟ್ಟ.

ಸಂಜೆ ಅಜ್ಜ ಔಷಧಿ ಅಂಗಡಿಗೆ ಹೊರಟಾಗ ಪಿಟೀಲು ನೋಟ್‌ಬುಕ್ ಹಿಡಿದು ಬೆನ್ನು ಹತ್ತಿದಳು. ಅಂಗಡಿಯ ಆಂಟಿ ಅವಳ ಲೆಕ್ಕ ನೋಡಿ ನಕ್ಕರು.

“ತಪ್ಪೇನಿಲ್ಲ, ಸರಿಯಾಗೇ ಎಣಿಸಿದೀಯ. ಈ ಗುಲಾಬಿ ಮಾತ್ರೆ ಇದೆಯಲ್ಲ, ಇದು ಹಾರ್ಟಿಗೆ ‘ಆತುರ ಬೇಡ’ ಅನ್ನುತ್ತೆ. ನಾವು ಓಡಿದ್ರೂ ಅದನ್ನ ಜಾಸ್ತಿ ಬಡ್ಕೊಳ್ಳೋಕೆ ಬಿಡಲ್ಲ. ಹಾರ್ಟಿಗೆ ದುಡಿತ ಕಡಿಮೆ.”

“ಅದಕ್ಕೇನಾ ಅಜ್ಜನ ಬೆರಳು ತಣ್ಣಗಿರೋದು? ಕತ್ತು ಮುಟ್ಟಿದ್ರೆ ಗಿರಾಕಿಗಳು ಬೆಚ್ಚಿಬೀಳ್ತಾರೆ.”

“ಇರಬಹುದು. ಕೆಲವರಿಗೆ ಕೈಕಾಲು ತಣ್ಣಗಾಗುತ್ತೆ, ಸುಸ್ತಾಗುತ್ತೆ. ಹಾಗಂತ ನಾವಾಗೇ ನಿಲ್ಲಿಸಬಾರದು. ಥಟ್ಟನೆ ಬಿಟ್ರೆ ಹಾರ್ಟು ಎದ್ದುಬಿದ್ದು ಓಡೋಕೆ ಶುರುಮಾಡುತ್ತೆ.”

“ಮತ್ತೆ ಈ ಬಿಳೀದು?”

“ನೀರಿನ ಮಾತ್ರೆ. ಹಾರ್ಟು ಸೋತಾಗ ಮೈಯಲ್ಲಿ ನೀರು ನಿಲ್ಲುತ್ತೆ. ಮೊದಲು ಕಾಲಲ್ಲಿ, ಆಮೇಲೆ ಶ್ವಾಸಕೋಶದಲ್ಲೂ. ಈ ಮಾತ್ರೆ ಅದನ್ನ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಟಾಯ್ಲೆಟ್ಟಿಗೆ ಓಡಾಡಿ ಸಾಕಾಗಿಹೋಗುತ್ತೆ ಅನ್ನೋದೊಂದೇ ಕಷ್ಟ.”

ಹಾಗೆನ್ನುತ್ತಲೇ ಆಂಟಿ ಬಗ್ಗಿ ಅಜ್ಜನ ಕಾಲು ನೋಡಿದರು. ಚಪ್ಪಲಿಯ ಪಟ್ಟಿ ಉಬ್ಬಿದ ಪಾದದೊಳಗೆ ಹೂತುಹೋಗಿತ್ತು.

“ಯಜಮಾನ್ರೇ, ಇದನ್ನ ದಿನಾ ತಗೋತಿದೀರಾ?”

“ತಪ್ಪಿಸೋದೇ ಇಲ್ಲ” ಎಂದ ಅಜ್ಜ, ಗಾಜಿನ ಬೀರು ನೋಡುತ್ತಾ.

ಪಿಟೀಲಿಗೆ ನಿಜ ಗೊತ್ತಿತ್ತು. ಕ್ಷೌರದಂಗಡಿಯ ಡ್ರಾಯರಿನಲ್ಲಿ, ಬಾಚಣಿಗೆಗಳ ಕೆಳಗೆ ಬಿಳಿ ಮಾತ್ರೆಗಳು ಹಾಗೇ ಬಿದ್ದಿದ್ದವು. ಅಂಗಡಿಗೆ ರಜೆಯಿದ್ದ ದಿನ ಮಾತ್ರ ಅಜ್ಜ ಒಂದು ನುಂಗುತ್ತಿದ್ದ. ಅಮ್ಮನಿಗೆ ಹೇಳಬೇಡ ಎಂದು ಮಾತೂ ತಗೊಂಡಿದ್ದ. ಈಗ ಹೇಳಿದರೆ ಅವನಿಗೆ ಅವಮಾನ. ಹೇಳದಿದ್ದರೆ ಆ ನೀರು ಶ್ವಾಸಕೋಶಕ್ಕೂ ಬರಬಹುದು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

“ರಜೆ ದಿನ ಮಾತ್ರ ತಗೋತಾರೆ ಆಂಟಿ” ಎಂದಳು.

ಆಂಟಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಆಗಲೇ ಕರೆಸಿಕೊಂಡು ಅಜ್ಜನ ಎದೆ, ಕಾಲು ಎಲ್ಲ ನೋಡಿದರು. ನೀರಿನ ಮಾತ್ರೆಯನ್ನು ದಿನಾ ಬೆಳಿಗ್ಗೆ ಎದ್ದ ಕೂಡಲೇ ತಗೋಬೇಕು, ಒಂದು ದಿನವೂ ಬಿಡಬಾರದು ಎಂದರು.

ವಾಪಸ್ ಬರುವಾಗ ಅಜ್ಜ ಮುಖ ಗಂಟು ಹಾಕಿಕೊಂಡಿದ್ದ. ಅರ್ಧ ದಾರಿ ಬರುವಷ್ಟರಲ್ಲಿ ಪಿಟೀಲಿಗೆ ತಡೆಯಲಾಗಲಿಲ್ಲ.

“ಟಾಯ್ಲೆಟ್ಟಿಗೆ ಹೋಗಿ ಬರೋದು ಅಷ್ಟು ಕಷ್ಟಾನಾ ಅಜ್ಜ?”

“ಅರ್ಧ ಗಡ್ಡ ಕೆರೆದು ಬಿಟ್ಟು ಹೋದ್ರೆ ಗಿರಾಕಿಗಳು ಯಾಕೆ ಅಂತ ಕೇಳಲ್ವಾ?” ಅಜ್ಜ ನಿಂತು ಉಸಿರು ತೆಗೆದುಕೊಂಡ. “ಹಾರ್ಟ್ ಪೇಶೆಂಟ್ ಅಂತ ಗೊತ್ತಾದ್ರೆ, ಕತ್ತಿ ಹಿಡಿದಿರೋ ಈ ಕೈಗೆ ಯಾರು ಕತ್ತು ಕೊಡ್ತಾರೆ, ಹೇಳು.”

ಪಿಟೀಲು ಅಜ್ಜನ ಚೀಲವನ್ನು ತಾನೇ ಹಿಡಿದುಕೊಂಡಳು.

ಶನಿವಾರ ಶಾಲೆಗೆ ರಜೆ. ಅವಳು ಬೆಳಿಗ್ಗೆಯೇ ಅಂಗಡಿಯಲ್ಲಿ ಕುಳಿತಿದ್ದಳು. ಕುರ್ಚಿಯಲ್ಲಿ ಬ್ಯಾಂಕಿನ ವಾಚ್‌ಮನ್ ಇದ್ದ. ಅವನ ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ತುಂಬ ಸೋಪಿನ ನೊರೆ. ಅಜ್ಜ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕತ್ತಿ ಮಡಚಿಟ್ಟ.

“ಎರಡೇ ನಿಮಿಷ” ಎಂದವನೇ ಅಂಗಡಿ ಸಾಲಿನ ಕೊನೆಯಲ್ಲಿದ್ದ ಟಾಯ್ಲೆಟ್ಟಿನ ಕಡೆ ಸರಸರನೆ ಹೋದ.

“ಎಲ್ಲಿಗೆ ಹೋದ್ರು ಮರಿ?” ಎಂದು ವಾಚ್‌ಮನ್ ಕನ್ನಡಿಯಲ್ಲೇ ಕೇಳಿದ.

ಎಲ್ಲ ಹೇಳಿಬಿಡಲು ಪಿಟೀಲಿನ ನಾಲಿಗೆ ತುರಿಸಿತು. ಆದರೆ ಇದು ಅಜ್ಜ ಹೇಳಬೇಕಾದ ಮಾತು ಎನ್ನಿಸಿತು.

“ಈಗ ಬರ್ತಾರೆ” ಎಂದಳು, ಅಷ್ಟೆ.

ಅಜ್ಜ ಕೈ ಒರೆಸಿಕೊಳ್ಳುತ್ತಾ ಬಂದ. ಅಷ್ಟರಲ್ಲಿ ನೊರೆ ಒಣಗಿತ್ತು. ಬ್ರಶ್ಶನ್ನು ನೀರಲ್ಲಿ ಅದ್ದಿ, ಮತ್ತೆ ನೊರೆ ಹಚ್ಚುತ್ತಾ ಹೇಳಿದ.

“ಹಾರ್ಟಿಗೆ ಮಾತ್ರೆ ತಗೋತೀನಿ. ಬೆಳಿಗ್ಗೆ ಹೊತ್ತು ಹೀಗೆ ಓಡಾಟ ಇರುತ್ತೆ. ಕೈ ಮಾತ್ರ ನಡುಗಲ್ಲ.”

ವಾಚ್‌ಮನ್ ಕನ್ನಡಿಯಲ್ಲಿ ಅಜ್ಜನನ್ನೂ ಅವನ ಕೈಯನ್ನೂ ನೋಡಿದ. ಪಿಟೀಲು ತನ್ನ ಮಣಿಕಟ್ಟಿನ ಮೇಲೆ ತಾನೇ ಎರಡು ಬೆರಳಿಟ್ಟಳು.

“ಗಂಟಲ ಹತ್ರ ಕೂದಲು ಸ್ವಲ್ಪ ಒರಟು. ನೋಡ್ಕೊಂಡು ತೆಗೀರಿ” ಎಂದು ಅವನು ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿಕೊಂಡ.

ಅಜ್ಜ ಉದ್ದಕ್ಕೆ ಉಸಿರು ಬಿಟ್ಟು, ಕತ್ತಿ ಬಿಚ್ಚಿದ. ಎಷ್ಟು ದಿನದಿಂದ ಆ ಉಸಿರನ್ನು ಬಿಗಿಹಿಡಿದುಕೊಂಡಿದ್ದನೋ ಎಂದು ಪಿಟೀಲು ಅವನನ್ನೇ ನೋಡುತ್ತಾ ಕುಳಿತಳು.