ಹಸಿವಿಲ್ಲದ ಉಪವಾಸ

2052ರ ಮೇ ತಿಂಗಳು, ವಿಜಯಪುರ. ಬೇಕರಿಯ ಭಟ್ಟಿಯಿಂದ ಬ್ರೆಡ್ಡು ಹೊರಬರುವ ಹೊತ್ತಿಗೆ, ಭಟ್ಟಿಯೆದುರು ನಿಂತಿದ್ದ ಖಾಜಾಅಮೀನರ ಪಕ್ಕೆಯಡಿ ಕೂರಿಸಿದ್ದ ಕಿರುಗ್ರಂಥಿ ತನ್ನ ಕೆಲಸದಲ್ಲಿತ್ತು. ಹುಣಸೆಬೀಜದಷ್ಟು ಚೀಲ, ಒಳಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮೇದೋಜೀರಕದ ಜೀವಕೋಶಗಳು. ರಕ್ತಕ್ಕೆ ಬಂದ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು ಎಲ್ಲವನ್ನೂ ಗುರುತಿಸಿ ಅವು ತಕ್ಕಷ್ಟು ಇನ್ಸುಲಿನ್ ಬಿಡುತ್ತಿದ್ದವು. ಸಕ್ಕರೆ ಇಳಿದರೆ ಗ್ಲುಕಗಾನ್ ಹಾರ್ಮೋನು ಬಿಟ್ಟು ಯಕೃತ್ತಿನ ಸಕ್ಕರೆ ದಾಸ್ತಾನು ತೆರೆಸುತ್ತಿದ್ದವು.

ಸಕ್ಕರೆ ಕಾಯಿಲೆಯಿಂದಾಗಿ ಎಷ್ಟೋ ವರ್ಷ ರೋಜಾ ಹಿಡಿಯಲಾಗದೆ, ರಂಜಾನಿನ ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಉಂಡ ಮನುಷ್ಯ ಆತ. ಇದನ್ನು ಹಾಕಿಸಿಕೊಂಡದ್ದೇ ಉಪವಾಸಕ್ಕಾಗಿ. ಈಗ ಬಿಸಿ ಬ್ರೆಡ್ಡಿನ ವಾಸನೆಗೆ ಬಾಯಲ್ಲಿ ನೀರೂರಲಿಲ್ಲ. ರಂಜಾನಿನ ಅರ್ಧ ತಿಂಗಳು ಕಳೆದಿತ್ತು, ಹೊಟ್ಟೆ ಒಮ್ಮೆಯೂ ಚುರುಗುಟ್ಟಿರಲಿಲ್ಲ.

ಹಿಂದಿನ ಸಂಜೆ ರೋಜಾ ಬಿಡುವ ಹೊತ್ತಿಗೆ ಹೆಂಡತಿ ಬಿಬಿಜಾನ್ ರೇಗಿದ್ದಳು: "ಸಮೋಸ ಹಂಗ್ಯಾಕ ನೋಡ್ತೀರಿ, ಯಾರದೋ ಮದುವಿ ಫೋಟೋ ನೋಡಿದಂಗ?"

ಇಂದು ಮಧ್ಯಾಹ್ನ ಖಾಜಾಅಮೀನರು ಕಿರುಗ್ರಂಥಿಯನ್ನು ರೂಪಿಸಿದ ಡಾ. ನೀಲಾಂಬಿಕಾ ಅವರೆದುರು ಕೂತರು.

"ಡಾಕ್ಟರಮ್ಮಾ, ಹಸಿವು ಬರೋ ಹಂಗ ಮಾಡ್ರಿ."

"ಮಂದಿ ಹಸಿವು ಹೋಗ್ಲಿ ಅಂತ ಬರ್ತಾರ, ಖಾಜಾ ಸಾಹೇಬ್ರ." ಆಕೆ ನಕ್ಕರು. ಇವರು ನಗಲಿಲ್ಲ. "ನೀರಡಿಕಿ ಆದ್ರೂ ಆಗ್ತದಲ್ರೀ?" ಆಕೆಯೇ ಕೇಳಿದರು.

"ಭಟ್ಟಿ ಮುಂದ ನಿಂತವಗ ಅದು ವರ್ಷಪೂರ್ತಿ ಆಗ್ತದ."

ಆಕೆ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡ್ರಿ, ಇನ್ಸುಲಿನ್ ಮಾಡೋ ಜೀವಕೋಶನೇ ಅಮೈಲಿನ್ ಅನ್ನೋ ಹಾರ್ಮೋನೂ ಮಾಡ್ತದ. ಹೊಟ್ಟಿ ತುಂಬ್ಯದ ಅಂತ ಮಿದುಳಿಗೆ ಹೇಳೋದು ಅದು. ಸಹಜ ಗ್ರಂಥಿ ಉಂಡಾಗ ಜಾಸ್ತಿ ಬಿಡ್ತದ, ಉಪವಾಸಕ್ಕ ಕಮ್ಮಿ ಮಾಡ್ತದ. ನಾ ಮಾಡಿದ್ದು, ಸಕ್ಕರಿ ಅಲುಗಾಡಬಾರದಂತ ಉಪವಾಸದಾಗೂ ದಿನವಿಡೀ ಹನಿ ಹನಿ ಬಿಡ್ತದ. ಇನ್ಸುಲಿನ್, ಅಮೈಲಿನ್ ಎರಡೂ ಕೂಡೇ ಬರ್ತಾವ. ಬ್ಯಾರೆ ಮಾಡೋದು ನನಗಿನ್ನೂ ತಿಳಿದಿಲ್ಲ."

"ತಗದ್ರ?"

"ಹಸಿವು ಬರ್ತದ. ಆದ್ರ ರೋಜಾ ಹಿಡೀಲಿಕ್ಕೆ ನಾ ಬಿಡಂಗಿಲ್ಲ. ಹಿಂದ ಸಕ್ಕರಿ ಇಳಿದು ಬೇಕರಿಯೊಳಗ ಎಚ್ಚರ ತಪ್ಪಿ ಬಿದ್ದಿದ್ರಲ್ಲ."

ಖಾಜಾಅಮೀನರಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. "ಹಸೀಲಾರದವ ಉಣ್ಣದ ಕುಂತ್ರ, ದೇವರಿಗೆ ಏನ್ ಕೊಟ್ಟಂಗಾತ್ರಿ?"

ಆಕೆ ಮೇಜಿನ ಮೇಲಿದ್ದ ಅವರ ಕಡತ ಮುಚ್ಚಿದರು.

"ಇರ್ಲಿ, ತಗೀಬ್ಯಾಡ್ರಿ," ಎಂದರು ಖಾಜಾಅಮೀನರು. "ಮತ್ತ ಬಾಗಿಲಾ ಮುಚ್ಕೊಂಡು ಉಣ್ಣೋದು ನನ್ನ ಕಡಿಂದ ಆಗಂಗಿಲ್ಲ."

ಅಷ್ಟರಲ್ಲಿ ಡಾಕ್ಟರ ಹೊಟ್ಟೆ ಹಸಿವಿನಿಂದ ಗುರ್ರೆಂದಿತು. ಮಧ್ಯಾಹ್ನದ ಊಟ ತಪ್ಪಿತ್ತು. ಆಕೆ ನಾಚಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಸದ್ದು ಅಡಗುವವರೆಗೂ ಖಾಜಾಅಮೀನರು ಕಿವಿಗೊಟ್ಟು ಕೂತರು.

"ಹೋಗಿ ಉಣ್ರಿ," ಎಂದರು ಏಳುತ್ತಾ. "ಆದ್ರ ಗಡಿಬಿಡಿ ಮಾಡಬ್ಯಾಡ್ರಿ. ಇನ್ನೊಂದೀಟು ಹೊತ್ತು ಇರ್ಲಿ ಆ ಹಸಿವು."